ಎಲ್ಲದಕ್ಕೂ ‘ತಿರುಚು’ ಅಂದ್ರೆ ಸಾಕಾ? ಡಿಸ್ಟಾರ್ಟ್, ಸ್ಕ್ಯೂ, ಸ್ಲ್ಯಾಂಟ್, ಬಯಾಸ್ ಬಗ್ಗೆ ಒಂದು ಪ್ರಶ್ನೆ

ಬೇಡ್ತಿ ಬದಿ, ಶಿರಸಿ
ಎಲ್ಲರಿಗೂ ನಮಸ್ಕಾರ. ನಮ್ಮ ಹೈಸ್ಕೂಲಿನ ಒಂಬತ್ತು, ಹತ್ತನೇ ತರಗತಿ ಮಕ್ಕಳಿಗೆ ‘ಸುದ್ದಿ ಓದೋದು ಹೇಗೆ’ ಅಂತ ಎರಡು ದಿನದ ಶಿಬಿರ ಇಟ್ಕೊಂಡಿದ್ದೇವೆ. ಸಿಕ್ಕಿದ ಟಿಪ್ಪಣಿಗಳೆಲ್ಲ ಇಂಗ್ಲಿಷಿನವು. ಅದರಲ್ಲಿ ಡಿಸ್ಟಾರ್ಟ್, ಸ್ಕ್ಯೂ, ಸ್ಲ್ಯಾಂಟ್, ಬಯಾಸ್, ಸ್ಪಿನ್, ಗಾರ್ಬಲ್, ಡಾಕ್ಟರ್, ಲೋಡೆಡ್ ಅಂತ ಸಾಲು ಸಾಲು ಶಬ್ದ. ಕನ್ನಡದಲ್ಲಿ ಎಲ್ಲದಕ್ಕೂ ‘ತಿರುಚು’ ಅಂತ ಹಾಕಬಹುದು. ಹಾಕಿದ್ರೆ ಸುದ್ದಿ ಬರೆಯೋರೆಲ್ಲ ಕಳ್ಳರು ಅಂತ ಮಕ್ಕಳು ತಿಳ್ಕೊಂಡು ಮನೆಗೆ ಹೋಗ್ತಾರೆ. ಅದು ನನಗೆ ಬೇಡ.

ನಿಘಂಟು ನನ್ನ ಹತ್ರವೂ ಇದೆ. ‘ವಿರೂಪಗೊಳಿಸು’, ‘ವಕ್ರೀಕರಿಸು’ ಅಂದ್ರೆ ಹದಿನಾಲ್ಕು ವರ್ಷದ ಹುಡುಗ ನನ್ನ ಮುಖ ನೋಡ್ತಾನೆ. ನಿಮ್ಮ ನಿಮ್ಮ ಕೆಲಸದಲ್ಲಿ ಇಂಥದ್ದನ್ನ ಎಲ್ಲಿ ನೋಡಿದ್ದೀರಿ, ಹೇಗೆ ಆಗ್ತದೆ, ಏನಂತ ಕರೀತೀರಿ, ಅಷ್ಟು ಹೇಳಿ. ಉದಾಹರಣೆ ನಮ್ಮ ಜಿಲ್ಲೆಯದ್ದೇ ಇದ್ರೆ ಇನ್ನೂ ಒಳ್ಳೇದು.

ಹಳೇ ಮೊಳೆ, ಕುಮಟಾ
ನಾನು ಪತ್ರಿಕೆಯ ಡೆಸ್ಕಿನಲ್ಲಿ ಕೂತು ನಿವೃತ್ತನಾದವ. ‘ನನ್ನ ಹೇಳಿಕೆಯನ್ನು ತಿರುಚಲಾಗಿದೆ’ ಅನ್ನೋ ವಾಕ್ಯಕ್ಕೆ ನಾವು ಒಂದು ಅಚ್ಚು ಮಾಡಿಟ್ಕೊಂಡಿದ್ದಿದ್ರೆ ಕೈಬೆರಳು ಸವೀತಿರಲಿಲ್ಲ! ಅದನ್ನ ಹೇಳಿದವರಲ್ಲಿ ಹೆಚ್ಚಿನವರ ಹೇಳಿಕೆ ಅಕ್ಷರಕ್ಕಕ್ಷರ ಸರಿಯಾಗಿಯೇ ಅಚ್ಚಾಗಿರ್ತಿತ್ತು. ಅವರ ತಕರಾರು ಬೇರೆ: ಎಲ್ಲಿ ಹಾಕಿದ್ರಿ, ಯಾವ ಸಾಲನ್ನ ತಲೆಬರಹಕ್ಕೆ ಎತ್ತಿದ್ರಿ, ಪಕ್ಕದಲ್ಲಿ ಯಾರ ಫೋಟೋ ಇತ್ತು.

ಸ್ಲ್ಯಾಂಟ್ ಅಂದ್ರೆ ಅದು. ಒಂದು ಉದಾಹರಣೆ ಕೊಡ್ತೇನೆ, ಅಂಕಿ ಸುಮ್ಮನೆ ಇಟ್ಟದ್ದು. ಒಂದು ಪಂಚಾಯ್ತಿಗೆ ಕುಡಿಯೋ ನೀರಿಗೆ ಅಂತ 12 ಲಕ್ಷ ಮಂಜೂರಾಯ್ತು. ಒಬ್ಬ ಬರೀತಾನೆ: ‘ಕುಡಿಯುವ ನೀರಿಗೆ 12 ಲಕ್ಷ’. ಇನ್ನೊಬ್ಬ: ‘ಕೇಳಿದ್ದು 30, ಸಿಕ್ಕಿದ್ದು 12’. ಮೂರನೆಯವ: ‘ಬೇಸಿಗೆ ಮುಗಿದ ಮೇಲೆ ಬಂತು ನೀರಿನ ಹಣ’. ಮೂರೂ ಖರೆ. ಯಾವುದಕ್ಕೂ ತಿದ್ದುಪಡಿ ಹಾಕಿಸೋಕೆ ಬರೋದಿಲ್ಲ. ಆದ್ರೆ ಓದಿದವನ ಹೊಟ್ಟೆಯಲ್ಲಿ ಹುಟ್ಟೋ ಭಾವನೆ ಮೂರು ತರ.

ನಾವು ಡೆಸ್ಕಿನಲ್ಲಿ ಇದಕ್ಕೆ ‘ಓರೆ’ ಅಂತಿದ್ವಿ. ‘ಈ ಕಾಪಿ ಸ್ವಲ್ಪ ಓರೆಯಾಗಿದೆ, ನೆಟ್ಟಗೆ ಮಾಡು’ ಅಂತ. ತಿರುಚು ಅನ್ನೋದನ್ನ ಇಟ್ಟದ್ದು ಹೇಳದ್ದನ್ನ ಹೇಳಿಸಿದಾಗ ಮಾತ್ರ.

ಇನ್ನೊಂದು ಸಣ್ಣ ವಿಷಯ, ಮಕ್ಕಳಿಗೆ ತೋರಿಸಿ. ‘ಲಾಠಿ ಪ್ರಹಾರ ನಡೆಯಿತು’ ಅಂತ ಬರೆದ್ರೆ ಲಾಠಿ ತಾನೇ ಎದ್ದು ಹೊಡೆದ ಹಾಗೆ. ‘ಪೊಲೀಸರು ಹೊಡೆದರು’ ಅಂದ್ರೆ ಬೇರೆ. ಕರ್ತೃವನ್ನ ತೆಗೆದುಬಿಟ್ರೆ ವಾಕ್ಯ ತಾನಾಗಿ ಒಂದು ಕಡೆ ವಾಲ್ತದೆ.

ಚಾಲಿ ರಾಶಿ, ಸಿದ್ದಾಪುರ
ಅಕ್ಕ, ನಮ್ಮ ಕಡೆ ಮಕ್ಕಳಿಗೆ ಅಡಿಕೆ ದರಕ್ಕಿಂತ ಒಳ್ಳೆ ಉದಾಹರಣೆ ಎಂತ ಸಿಕ್ತದೆ? ಮಾರುಕಟ್ಟೆ ವರದಿಯಲ್ಲಿ ಪ್ರತಿ ನಮೂನೆಗೂ ಮೂರು ಅಂಕಿ ಇರ್ತದೆ: ಕನಿಷ್ಠ, ಗರಿಷ್ಠ, ಮತ್ತೆ ಹೆಚ್ಚಿನ ಮಾಲು ಯಾವ ದರಕ್ಕೆ ಹೋಯ್ತೋ ಅದು. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳಿಗೋಟು, ಕೋಕಾ, ಚಿಪ್ಪು, ಎಲ್ಲದಕ್ಕೂ ಬೇರೆ ಬೇರೆ. ವಾಟ್ಸಾಪಿನಲ್ಲಿ ಓಡಾಡೋದು ಯಾವುದು? ರಾಶಿಯ ಗರಿಷ್ಠ ಮಾತ್ರ. ಯಾರದ್ದೋ ಎರಡು ಚೀಲ ಚಲೋ ಮಾಲಿಗೆ ಬಂದ ದರ. ಅದನ್ನ ನೋಡಿ ಪ್ಯಾಟೆಯ ನೆಂಟರು ‘ಈ ವರ್ಷ ನಿಮ್ಮದು ಭಾರೀ ಜೋರು ಅಲ್ದಾ’ ಅಂತಾರೆ. ಮರ ಹತ್ತಿ ಕೊನೆ ಕೊಯ್ಯೋ ಕೊನೆಗಾರರಿಗೆ ಕೂಲಿ ಕೊಟ್ಟು, ಕೊಳೆ ರೋಗಕ್ಕೆ ಮದ್ದು ಹೊಡೆಸಿ, ಗೋಟು ಚಿಪ್ಪು ಎಲ್ಲ ಸೇರಿ ಸರಾಸರಿ ಎಷ್ಟು ಬಿತ್ತು ಅಂತ ಕೇಳೋರು ಯಾರೂ ಇಲ್ಲ.

ಅಂಕಿ ಸುಳ್ಳಲ್ಲ. ಹೆಕ್ಕಿದ್ದರಲ್ಲಿ ಮೋಸ.

ಮತ್ತೆ ನಿಮ್ಮ ಪಟ್ಟಿಯಲ್ಲಿ ‘ಗಾರ್ಬಲ್’ ಅಂತ ಕಂಡಿತು. ಅದು ನಮ್ಮದೇ ಶಬ್ದ ಮಾರಾಯ್ರೆ! ಕೊಚ್ಚಿಯ ಕಾಳುಮೆಣಸಿನ ದರ ನೋಡಿ, ಗಾರ್ಬಲ್ಡ್ ಇಷ್ಟು, ಅನ್‌ಗಾರ್ಬಲ್ಡ್ ಇಷ್ಟು ಅಂತ ಇವತ್ತಿಗೂ ಬರ್ತದೆ. ಗಾರ್ಬಲ್ಡ್ ಅಂದ್ರೆ ಕೇರಿ, ಜರಡಿ ಹಿಡಿದು, ಜೊಳ್ಳು, ತೊಟ್ಟು, ಧೂಳು ತೆಗೆದ ಮೆಣಸು. ಅದಕ್ಕೇ ದರ ಜಾಸ್ತಿ. ಅದು ಕೆಟ್ಟ ಶಬ್ದ ಹೇಗಾಯ್ತು?

ಹಳೇ ಮೊಳೆ, ಕುಮಟಾ
ಒಳ್ಳೆ ಪ್ರಶ್ನೆ ತಮ್ಮಾ. ಅದರ ಮೂಲ ಅರಬ್ಬಿ, ‘ಘರ್ಬಲ’, ಜರಡಿ ಹಿಡಿ ಅಂತ. ಅರಬರ ವ್ಯಾಪಾರದಿಂದ ಇಟಲಿಯವರಿಗೆ, ಅಲ್ಲಿಂದ ಇಂಗ್ಲಿಷಿಗೆ, ಮಸಾಲೆ ಹೋದ ದಾರಿಯಲ್ಲೇ ಶಬ್ದವೂ ಹೋಯ್ತು. ಲಂಡನ್ ನಗರದಲ್ಲಿ ಗಾರ್ಬಲರ್ ಅಂತ ಒಬ್ಬ ಅಧಿಕಾರಿಯೇ ಇದ್ದ. ಅಂಗಡಿ, ಗೋದಾಮಿಗೆ ಹೊಕ್ಕು ಮೆಣಸು, ಶುಂಠಿಯಲ್ಲಿ ಕಸ ಕಲಬೆರಕೆ ಇದೆಯಾ ಅಂತ ನೋಡಿ ಸ್ವಚ್ಛ ಮಾಡಿಸೋ ಹಕ್ಕು ಅವನಿಗಿತ್ತು.

ಕಸ ತೆಗೆದು ಕಾಳು ಇಟ್ಕೊಳ್ಳೋದು ಅಂತಿದ್ದದ್ದು, 17ನೇ ಶತಮಾನದ ಹೊತ್ತಿಗೆ ಮಾತಿಗೂ ಬಂತು. ಒಬ್ಬನ ಬರಹದಲ್ಲಿ ತನಗೆ ಬೇಕಾದ ಸಾಲು ಇಟ್ಕೊಂಡು ಉಳಿದದ್ದನ್ನ ಗಾಳಿಗೆ ತೂರೋದು. ಕೆಲಸ ಅದೇ, ಕಸ ಯಾವುದು, ಕಾಳು ಯಾವುದು ಅಂತ ನಿರ್ಧಾರ ಮಾಡೋನು ಬದಲಾದ, ಅಷ್ಟೇ. ಈಗ ಗಾರ್ಬಲ್ಡ್ ಅಂದ್ರೆ ಅರ್ಥವಾಗದ ಹಾಗೆ ಕಲಸಿ ಹೋದ ಮಾತು ಅಂತಲೂ ಆಗಿದೆ, ಫೋನಿನಲ್ಲಿ ನೆಟ್‌ವರ್ಕ್ ಇಲ್ಲದಾಗ ಬರ್ತದಲ್ಲ, ಹಾಗೆ. ಮೆಣಸಿನ ಪ್ಯಾಟೆಯವರು ಮಾತ್ರ ಹಳೇ ಅರ್ಥ ಬಿಟ್ಟಿಲ್ಲ.

ನಮ್ಮ ‘ತಿದ್ದು’ ಕೂಡ ಹಾಗೇ ನೋಡಿ. ಮೇಷ್ಟ್ರು ಪುಸ್ತಕ ತಿದ್ದಿದ್ರೆ ಒಳ್ಳೇದು. ಪಹಣಿ ತಿದ್ದಿದ್ರೆ ಕೋರ್ಟಿಗೆ ಹೋಗಬೇಕು. ಇಂಗ್ಲಿಷಿನ ‘ಡಾಕ್ಟರ್’ ಮಾಡೋದು ಅದೇ ಜಾತಿ, ಕಡತಕ್ಕೆ ಚಿಕಿತ್ಸೆ. ಅದಕ್ಕೆ ನೀವು ಬೇರೆ ಶಬ್ದ ಹುಡುಕಬೇಡಿ, ತಿದ್ದಿದ್ದಾರೆ ಅಂದ್ರೆ ಊರಿಗೇ ಗೊತ್ತಾಗ್ತದೆ.

ಸೂಜಿ ದಾರ, ಶಿರಸಿ
ನಾನು ಟೈಲರ್. ಬಯಾಸ್ ಅನ್ನೋದು ನಮಗೆ ಬೈಗುಳ ಅಲ್ಲ. ಬಟ್ಟೆಯಲ್ಲಿ ಹಾಸು, ಹೊಕ್ಕು ಅಂತ ಎರಡು ನೂಲು ಇರ್ತದಲ್ಲ, ಅವೆರಡಕ್ಕೂ ಓರೆಯಾಗಿ, 45 ಡಿಗ್ರಿಯಲ್ಲಿ ಕತ್ತರಿಸೋದು ಬಯಾಸ್. ನಾವು ಕ್ರಾಸ್ ಅಂತೇವೆ, ಕ್ರಾಸ್ ಕಟಿಂಗ್ ಬ್ಲೌಸ್. ಹಾಗೆ ಕತ್ತರಿಸಿದ ಬಟ್ಟೆ ಎಳೆದ್ರೆ ಹಿಗ್ತದೆ, ಮೈಗೆ ಕೂರ್ತದೆ. ಕೊರಳಿನ ಸುತ್ತ ಪಟ್ಟಿ ಹೊಲಿಯೋಕೆ ನೇರವಾಗಿ ಕತ್ತರಿಸಿದ ತುಂಡು ಹಾಕಿ ನೋಡಿ, ಸುಕ್ಕು ಸುಕ್ಕಾಗಿ ಎದ್ದು ನಿಲ್ತದೆ. ಕ್ರಾಸ್ ಪಟ್ಟಿಯೇ ಬೇಕು. ಬಟ್ಟೆ ಮಾತ್ರ ಸ್ವಲ್ಪ ಜಾಸ್ತಿ ಹಿಡೀತದೆ, ಗಿರಾಕಿಗಳಿಗೆ ಅದೊಂದು ಹೇಳಿ ಒಪ್ಪಿಸೋದೇ ಕಷ್ಟ.

ಬೇಡ್ತಿ ಅಕ್ಕ, ಓರೆ ಅಂದ ಕೂಡಲೇ ತಪ್ಪು ಅಂತ ಮಕ್ಕಳಿಗೆ ಹೇಳಬೇಡಿ.

ಮೂರನೇ ಬೆಂಚು, ಹೊನ್ನಾವರ
ಸೂಜಿ ದಾರ ಅವರು ಸರಿಯಾದ ಜಾಗಕ್ಕೇ ಸೂಜಿ ಹಾಕಿದ್ರು. ನಾನು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಹೇಳಿಕೊಡ್ತೇನೆ. ಬಯಾಸ್ ಶಬ್ದ ಫ್ರೆಂಚಿನ ‘ಓರೆ’ಯಿಂದ ಬಂದದ್ದು. ಇಂಗ್ಲೆಂಡಿನ ಬೌಲ್ಸ್ ಅನ್ನೋ ಹುಲ್ಲುಹಾಸಿನ ಆಟದಲ್ಲಿ ಚೆಂಡಿನ ಒಂದು ಬದಿಗೆ ಭಾರ ಇಡ್ತಿದ್ರು, ಉರುಳಿಸಿದ್ರೆ ಚೆಂಡು ಆ ಕಡೆ ಬಾಗಿ ಹೋಗಬೇಕು ಅಂತ. ಆ ಭಾರಕ್ಕೂ ಬಯಾಸ್ ಅಂತಲೇ ಹೆಸರು. ಈಗಿನ ಚೆಂಡುಗಳಲ್ಲಿ ಭಾರ ಇಡೋದಿಲ್ಲ, ಆಕಾರವನ್ನೇ ಸ್ವಲ್ಪ ಓರೆ ಮಾಡಿರ್ತಾರೆ. ಆಡೋನಿಗೆ ಚೆಂಡು ಎತ್ತ ವಾಲ್ತದೆ ಅಂತ ಗೊತ್ತು, ಅದಕ್ಕೆ ತಕ್ಕ ಹಾಗೆ ಗುರಿ ಇಡ್ತಾನೆ. ಗೊತ್ತಿರೋ ವಾಲಿಕೆಯಿಂದ ಅಪಾಯ ಕಡಿಮೆ.

ನಿಮ್ಮ ಪಟ್ಟಿಯ ಲೋಡೆಡ್ ಕೂಡ ಇದೇ ಕುಟುಂಬದ್ದು. ದಾಳದ ಒಂದು ಬದಿಗೆ ಸೀಸ ತುಂಬಿದ್ರೆ ಲೋಡೆಡ್ ದಾಳ. ಅದು ಎದುರಿನವನಿಗೆ ಗೊತ್ತಿರೋದಿಲ್ಲ, ಹಾಗಾಗಿ ಮೋಸ. ‘ಊರಿಗೆ ಅಭಿವೃದ್ಧಿ ಬೇಕೋ ಬೇಡವೋ?’ ಅಂತ ಕೇಳಿ, ಬೇಕು ಅಂದವರನ್ನೆಲ್ಲ ಯೋಜನೆಯ ಪರ ಅಂತ ಬರೆದುಕೊಂಡ್ರೆ ಪ್ರಶ್ನೆಯೊಳಗೇ ಸೀಸ ತುಂಬಿದ ಹಾಗೆ. ‘ಕಾಡು ಬೇಕೋ ಬೇಡವೋ’ ಅಂತ ಕೇಳೋದೂ ಅಷ್ಟೇ, ಆ ಕಡೆಯವರು ಖುಷಿ ಪಡೋದು ಬೇಡ.

ಸ್ಕ್ಯೂ ಬೇರೆ. ಅದನ್ನ ಲೆಕ್ಕದಲ್ಲೇ ತೋರಿಸಿ. ಬಂದರಿನಲ್ಲಿ ಹತ್ತು ಜನ ನಾಡದೋಣಿಯವರು, ತಲಾ 500 ರೂಪಾಯಿ ದುಡಿಮೆ ಅಂತಿಟ್ಕೊಳ್ಳಿ. ಅಲ್ಲಿಗೆ 50,000 ದುಡಿದ, ದೊಡ್ಡ ಬಲೆಯ ಪರ್ಸೀನ್ ಬೋಟಿನ ಮಾಲೀಕ ಒಬ್ಬ ಬಂದು ನಿಂತ. ಹನ್ನೊಂದು ಜನರ ಸರಾಸರಿ ಈಗ ತಲಾ 5,000! ಅಲ್ಲಿರೋ ಒಬ್ಬನಿಗೂ ಐದು ಸಾವಿರ ಸಿಕ್ಕಿಲ್ಲ. ಸಾಲಾಗಿ ನಿಲ್ಲಿಸಿ ನಡುವಿನವನನ್ನ ಕೇಳಿದ್ರೆ 500 ಅಂತಾನೆ. ಇಲ್ಲಿ ಯಾರೂ ಏನೂ ತಿರುಚಿಲ್ಲ. ದುಡ್ಡು ಹಂಚಿಕೆಯಾದ ರೀತಿಯೇ ಒಂದು ಕಡೆಗೆ ಎಳೆದಿದೆ. ಆದ್ರೆ ಯಾವ ಅಂಕಿ ಹೇಳಬೇಕು ಅಂತ ಆರಿಸಿಕೊಳ್ಳೋನು ಮನುಷ್ಯ.

ಮಳೆಯೂ ಹಾಗೇ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ದಾಟ್ತದೆ, ಹಳಿಯಾಳ, ಮುಂಡಗೋಡದ ಕಡೆ ಅದರ ಅರ್ಧವೂ ಇಲ್ಲ. ‘ಜಿಲ್ಲೆಯಲ್ಲಿ ಸರಾಸರಿ ಮಳೆ ವಾಡಿಕೆಯಷ್ಟೇ’ ಅಂತ ಓದಿ ಮುಂಡಗೋಡದ ಭತ್ತದ ರೈತ ಏನು ಮಾಡಬೇಕು?

ಬೈತಖೋಲ್ ಧಕ್ಕೆ, ಕಾರವಾರ
ಸರ್, ಬಂದರಿನ ಬಗ್ಗೆ ಹೇಳಿದ್ರಿ ಅಂತ ನಮ್ಮ ಧಕ್ಕೆಯಿಂದ (ಬೋಟು ನಿಲ್ಲೋ ಕಟ್ಟೆ) ಬರೀತಾ ಇದ್ದೇನೆ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟಿಗೆ ನಿಷೇಧ, 61 ದಿನ. ಆ ದಿನಗಳಲ್ಲೇ ಯಾರಾದ್ರೂ ಪಟ್ಟಿ ಹಿಡ್ಕೊಂಡು ಬಂದು ‘ದಿನಕ್ಕೆ ಎಷ್ಟು ಮೀನು, ಎಷ್ಟು ಜನ ಕೆಲಸಕ್ಕೆ’ ಅಂತ ಕೇಳಿದ್ರೆ ಎಂತ ಸಿಕ್ತದೆ? ಬೋಟೆಲ್ಲ ಕಟ್ಟಿರ್ತದೆ. ಹೊರಗಿನಿಂದ ಬಂದ, ಬೋಟಿನಲ್ಲಿ ಕೆಲಸ ಮಾಡೋ ಖಲಾಸಿಗಳು ಊರಿಗೆ ಹೋಗಿರ್ತಾರೆ. ಇರೋರು ಬಲೆ ಹೆಣೆಯೋರು, ನಾಡದೋಣಿಯವರು. ಅವರು ಹೇಳಿದ್ದು ಖರೆಯೇ. ಆದ್ರೆ ವರದಿಯಲ್ಲಿ ‘ಕಾರವಾರದಲ್ಲಿ ಮೀನುಗಾರಿಕೆ ಸಣ್ಣ ಪ್ರಮಾಣದ್ದು’ ಅಂತ ಕೂರ್ತದೆ. ಅದೇ ಜನ ಅಕ್ಟೋಬರಿನಲ್ಲಿ ಬೆಳಿಗ್ಗೆ ಆರಕ್ಕೆ ಬಂದು ನಿಂತ್ರೆ ನಿಲ್ಲೋಕೆ ಜಾಗ ಸಿಗೋದಿಲ್ಲ. ಇದಕ್ಕೆ ಇಂಗ್ಲಿಷಿನಲ್ಲಿ ಏನಂತೀರಿ?

ಮೂರನೇ ಬೆಂಚು, ಹೊನ್ನಾವರ
ಸ್ಯಾಂಪ್ಲಿಂಗ್ ಬಯಾಸ್. ಕೇಳಿದ್ದು ಯಾರನ್ನ ಅನ್ನೋದರಲ್ಲೇ ವಾಲಿಕೆ. ಇದರ ದೊಡ್ಡ ಕಥೆ 1936ರ ಅಮೆರಿಕದ್ದು. ಲಿಟರರಿ ಡೈಜೆಸ್ಟ್ ಅನ್ನೋ ವಾರಪತ್ರಿಕೆ ಅಧ್ಯಕ್ಷರ ಚುನಾವಣೆಗೆ ಮುಂಚೆ ಸುಮಾರು ಒಂದು ಕೋಟಿ ಜನಕ್ಕೆ ಅಂಚೆಯಲ್ಲಿ ಮತಪತ್ರ ಕಳಿಸ್ತು. ಇಪ್ಪತ್ತು ಲಕ್ಷಕ್ಕೂ ಮೀರಿ ವಾಪಸ್ ಬಂದವು. ಅದನ್ನೆಲ್ಲ ಎಣಿಸಿ, ರೂಸ್‌ವೆಲ್ಟ್ ಎದುರು ನಿಂತ ಲ್ಯಾಂಡನ್ ಗೆಲ್ತಾರೆ ಅಂತ ಬರೀತು. ಗೆದ್ದದ್ದು ರೂಸ್‌ವೆಲ್ಟ್, 48 ರಾಜ್ಯಗಳಲ್ಲಿ 46. ವಿಳಾಸ ಎತ್ತಿಕೊಂಡದ್ದು ಟೆಲಿಫೋನ್ ಪುಸ್ತಕದಿಂದ, ಕಾರು ನೋಂದಣಿ ಪಟ್ಟಿಯಿಂದ. ಆ ಕಾಲದ ಆರ್ಥಿಕ ಮುಗ್ಗಟ್ಟಿನಲ್ಲಿ ಫೋನು, ಕಾರು ಇದ್ದವರು ಯಾರು ಹೇಳಿ. ಇನ್ನು ಮತಪತ್ರ ಬಂದವರಲ್ಲಿ ತುಂಬಿ ವಾಪಸ್ ಹಾಕೋ ಉಮೇದಿ ಇದ್ದವರೂ ಬೇರೆ ತರದ ಜನ. ಗ್ಯಾಲಪ್ ಅನ್ನೋ ಸಮೀಕ್ಷೆಯವರು ಅದಕ್ಕಿಂತ ಎಷ್ಟೋ ಕಡಿಮೆ ಜನರನ್ನ ಕೇಳಿ ಸರಿಯಾಗಿ ಹೇಳಿದ್ರು.

ಪತ್ರಿಕೆ ಬೇಕಂತಲೇ ಮಾಡ್ಲಿಲ್ಲ. ಸುಳ್ಳೂ ಹೇಳ್ಲಿಲ್ಲ. ಮುಂದೆ ಎರಡು ವರ್ಷದೊಳಗೆ ಪತ್ರಿಕೆಯೇ ನಿಂತುಹೋಯ್ತು.

ಕಾಳಿ ಸಂಗಮ, ಕಾರವಾರ
ಎಲ್ಲ ಓದಿದೆ. ಕ್ಷಮಿಸಿ, ನನಗೆ ಇದು ಸುಮ್ಮನೆ ಸುಣ್ಣ ಬಳಿಯೋ ಕೆಲಸ ಅನ್ನಿಸ್ತದೆ. ‘ಯಾರೂ ತಿರುಚಿಲ್ಲ, ತಾನಾಗಿ ವಾಲಿದೆ’, ‘ಓರೆ ಅಂದ್ರೆ ತಪ್ಪಲ್ಲ’. ಟಿವಿ ಹಾಕಿ ನೋಡಿ ಸ್ವಾಮಿ. ಬೇಕಂತಲೇ ಮಾಡ್ತಾರೆ. ಸುಳ್ಳು ಹೇಳಿದ್ರೆ ಹಿಡೀಬಹುದು, ಕೇಸ್ ಹಾಕಬಹುದು. ಈ ಅರ್ಧ ಸತ್ಯದವರನ್ನ ಹಿಡಿಯೋಕೂ ಆಗೋದಿಲ್ಲ. ಮಕ್ಕಳಿಗೆ ನೇರವಾಗಿ ಹೇಳಿ, ಇದು ಮೋಸ ಅಂತ. ಹತ್ತು ಶಬ್ದ ಕೊಟ್ಟು ಅವರ ತಲೆ ಕೆಡಿಸಬೇಡಿ.

ಗಂಗಾವಳಿ, ಅಂಕೋಲಾ
ಕಾಳಿ ಸಂಗಮ, ನಿಮ್ಮ ಸಿಟ್ಟು ನನಗೂ ಇದೆ. 2024ರ ಜುಲೈ 16ಕ್ಕೆ ಶಿರೂರಿನಲ್ಲಿ ಗುಡ್ಡ ಹೆದ್ದಾರಿ ಮೇಲೆ ಕುಸಿದು ನದಿಗೆ ಬಿತ್ತು. ಆಮೇಲೆ ವಾರಗಟ್ಟಲೆ ಎಲ್ಲ ಕ್ಯಾಮೆರಾ ಹೆದ್ದಾರಿಯ ಈ ಬದಿ. ಮಣ್ಣು ನದಿಗೆ ಬಿದ್ದ ರಭಸಕ್ಕೆ ನೀರು ಎದ್ದು ಆಚೆ ದಂಡೆಯ ಉಳುವರೆಯ ಮನೆಗಳ ಮೇಲೆ ಹೋಯ್ತಲ್ಲ, ಅದನ್ನ ಎಷ್ಟು ಜನ ನೋಡಿದ್ರು? ಹೊರಗಿನವರನ್ನ ಕೇಳಿ, ಶಿರೂರು ಅಂದ್ರೆ ಕುಸಿತಕ್ಕೆ ಸಿಕ್ಕಿದ ಆ ಲಾರಿ ಅಂತಾರೆ, ಉಳುವರೆ ಅಂದ್ರೆ ಯಾವ ಊರು ಅಂತಾರೆ.

ಆದ್ರೆ ಅಲ್ಲಿ ನಿಂತ ಕ್ಯಾಮೆರಾದ ಹುಡುಗರನ್ನ ನಾನು ನೋಡಿದ್ದೇನೆ. ಹೆದ್ದಾರಿಯಲ್ಲಿ ವಾಹನ ನಿಲ್ಲಿಸೋಕೆ ಜಾಗ ಇತ್ತು, ಅಧಿಕಾರಿಗಳು ಬಂದು ಮಾತಾಡ್ತಿದ್ದದ್ದು ಅಲ್ಲಿ, ಯಂತ್ರ ಇದ್ದದ್ದು ಅಲ್ಲಿ. ಆಚೆ ದಂಡೆಗೆ ಹೋಗೋಕೆ ಸುತ್ತು ಹಾಕಬೇಕು, ಮಳೆ ಬೇರೆ. ಅವರಲ್ಲಿ ಯಾರೂ ‘ಉಳುವರೆಯನ್ನ ಮುಚ್ಚಿ ಹಾಕೋಣ’ ಅಂತ ಕೂತು ಮಾತಾಡಿರ್ಲಿಕ್ಕಿಲ್ಲ. ನಿಂತ ಜಾಗವೇ ಸುದ್ದಿಯನ್ನ ವಾಲಿಸಿತು. ಮನೆ ಕಳಕೊಂಡವರಿಗೆ ಇದರಿಂದ ಸಮಾಧಾನ ಆಗೋದಿಲ್ಲ, ಅದು ನನಗೂ ಗೊತ್ತು. ಆದ್ರೂ ‘ಮೋಸ’ ಅಂತ ಒಂದೇ ಹಣೆಪಟ್ಟಿ ಹಚ್ಚಿದ್ರೆ ಮುಂದಿನ ಸಲ ಕ್ಯಾಮೆರಾವನ್ನ ಆಚೆ ದಂಡೆಗೆ ಕರ್ಕೊಂಡು ಹೋಗೋದು ಹೇಗೆ ಅಂತ ಯಾರೂ ಯೋಚನೆ ಮಾಡೋದಿಲ್ಲ.

ಕಪ್ಪು ಕೋಟು, ಕಾರವಾರ
ಬೇಕಂತ ಮಾಡಿದ್ದೋ ಇಲ್ಲವೋ ಅನ್ನೋದನ್ನ ಕಾನೂನು ಬಹಳ ಹಿಂದೆಯೇ ಬದಿಗಿಟ್ಟಿದೆ, ಬಯಾಸ್ ವಿಷಯದಲ್ಲಿ. ಒಂದು ಪ್ರಕರಣ ಹೇಳ್ತೇನೆ. 1969ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನ ಮಾಡಿದ್ದು, ಎ.ಕೆ. ಕ್ರೈಪಾಕ್ ವಿರುದ್ಧ ಭಾರತ ಒಕ್ಕೂಟ. ಜಮ್ಮು ಕಾಶ್ಮೀರದ ಅರಣ್ಯ ಅಧಿಕಾರಿಗಳಲ್ಲಿ ಕೆಲವರನ್ನ ಭಾರತೀಯ ಅರಣ್ಯ ಸೇವೆಗೆ ಆರಿಸಬೇಕಿತ್ತು. ಆರಿಸೋ ಮಂಡಳಿಯಲ್ಲಿ ಕೂತವರಲ್ಲಿ ಒಬ್ಬರು ತಾವೇ ಅಭ್ಯರ್ಥಿ! ತಮ್ಮ ಹೆಸರು ಬಂದಾಗ ಎದ್ದು ಹೊರಗೆ ಹೋಗಿದ್ರು. ಆದ್ರೆ ಪ್ರತಿಸ್ಪರ್ಧಿಗಳ ಹೆಸರು ಬಂದಾಗ ಕೂತೇ ಇದ್ರು. ಕೊನೆಗೆ ಪಟ್ಟಿಯಲ್ಲಿ ಮೊದಲ ಹೆಸರು ಅವರದ್ದೇ.

ಕೋರ್ಟು ಅವರು ಪಕ್ಷಪಾತ ಮಾಡಿದ್ರು ಅಂತ ಸಾಬೀತು ಮಾಡಿ ಅನ್ನಲಿಲ್ಲ. ಮನುಷ್ಯನ ಮನಸ್ಸಿನೊಳಗೆ ಇಳಿದು ನೋಡೋಕೆ ಬರೋದಿಲ್ಲ. ಆ ಜಾಗದಲ್ಲಿ ಕೂತವನು ವಾಲೋ ಸಂಭವ ಇದೆಯಾ, ಅಷ್ಟು ಸಾಕು. ಇಡೀ ಆಯ್ಕೆ ರದ್ದಾಯ್ತು.

ಕಾಳಿ ಸಂಗಮ ಅವರೇ, ಉದ್ದೇಶ ಸಾಬೀತು ಮಾಡೋಕೆ ಹೊರಟ್ರೆ ನೀವೇ ಸೋಲ್ತೀರಿ. ‘ಈ ವಾಹಿನಿ ಯಾರದ್ದು, ಜಾಹೀರಾತು ಯಾರು ಕೊಡ್ತಾರೆ’ ಅಂತ ಕೇಳಿ. ಕೂತ ಜಾಗ ಕಣ್ಣಿಗೆ ಕಾಣ್ತದೆ.

ಕಾಳಿ ಸಂಗಮ, ಕಾರವಾರ
ವಕೀಲರೇ, ಅದು ಒಪ್ಪೋ ಮಾತು. ಆದ್ರೆ ‘ತಿರುಚು’ ಶಬ್ದ ಬಿಡಬೇಡಿ ಅಂತ ಮಾತ್ರ ನನ್ನ ಹಠ. ನಿಜವಾಗಿ ತಿರುಚಿದಾಗ ತಿರುಚಿದ್ರು ಅಂತ ಹೇಳೋಕೆ ಮಕ್ಕಳಿಗೆ ಧೈರ್ಯ ಬೇಕು.

ಭಾಗವತರ ಹಿಂದಿನ ಸ್ಪೀಕರ್, ಹೊನ್ನಾವರ
ಯಕ್ಷಗಾನದ ಆಟ, ತಾಳಮದ್ದಳೆಗೆ ಮೈಕ್ ಸೆಟ್ ಹಾಕೋನು ನಾನು. ಡಿಸ್ಟಾರ್ಷನ್ ಅಂದ್ರೆ ನಮ್ಮ ದಿನದ ಕೂಳು. ಚಂಡೆ ಏರಿ ಬಂದಾಗ ಆಂಪ್ಲಿಫೈಯರಿಗೆ ಅದರ ಮಿತಿಗಿಂತ ಹೆಚ್ಚು ಕೊಟ್ರೆ ಧ್ವನಿಯ ಅಲೆಯ ತುದಿ ಚಪ್ಪಟೆಯಾಗಿ ಕತ್ತರಿಸಿ ಹೋಗ್ತದೆ. ಜನ ‘ಸೌಂಡ್ ಒಡೀತಾ ಇದೆ ಮಾರಾಯಾ’ ಅಂತ ಕೂಗ್ತಾರೆ. ಅಲ್ಲಿ ಯಾರ ಕೈಯೂ ಇಲ್ಲ, ಯಂತ್ರಕ್ಕೆ ತಡೆಯೋಕೆ ಆಗ್ಲಿಲ್ಲ ಅಷ್ಟೇ. ಕೈ ಇದ್ರೆ ನನ್ನದು, ವಾಲ್ಯೂಮ್ ಮೇಲೆ.

ಇನ್ನೊಂದು ತರ ಇದೆ. ಹಳೇ ಹಾರ್ನ್ ಸ್ಪೀಕರ್ ಹಾಕಿದ್ರೆ ಚಂಡೆ ಗಣಿಗಣಿ ಕೇಳ್ತದೆ, ಮದ್ದಳೆಯ ದಪ್ಪ ಧ್ವನಿ ಮಾಯ. ಹಾರ್ನಿಗೆ ಕೆಳಗಿನ ಸ್ವರ ಹೊರಡಿಸೋ ತಾಕತ್ತಿಲ್ಲ. ದೂರದಲ್ಲಿ ಗದ್ದೆಯಂಚಿಗೆ ಕೂತವ ‘ಇವತ್ತು ಮದ್ದಳೆಯವ ಮಂದ’ ಅಂತ ಹೇಳಿ ಮನೆಗೆ ಹೋಗ್ತಾನೆ. ಮದ್ದಳೆಯವ ಪಾಪ ಬೆರಳು ಒಡೆಯೋ ಹಾಗೆ ಬಾರಿಸಿರ್ತಾನೆ. ಒಡೆದ ಧ್ವನಿ ಎಲ್ಲರಿಗೂ ಗೊತ್ತಾಗ್ತದೆ, ಬಾರದೇ ಇದ್ದ ಧ್ವನಿ ಯಾರಿಗೂ ಗೊತ್ತಾಗೋದಿಲ್ಲ. ನನ್ನ ಕೇಳಿದ್ರೆ ಎರಡನೇದೇ ಹೆಚ್ಚು ಕೆಟ್ಟದ್ದು.

ಹಳೇ ಮೊಳೆ, ಕುಮಟಾ
ಡಿಸ್ಟಾರ್ಟ್ ಶಬ್ದದ ಬೇರು ಲ್ಯಾಟಿನ್, ತಿರುಪು ಅಂತ ಅರ್ಥ. ಟಾರ್ಕ್ ಅದೇ, ಟಾರ್ಚರ್ ಅದೇ. ತಿರುಚು ಅದಕ್ಕೆ ಸರಿಯಾಗಿ ಕೂರ್ತದೆ. ಆದ್ರೆ ಸ್ಪೀಕರ್ ಅಣ್ಣ ಹೇಳಿದ್ದರಲ್ಲಿ ಬೇಡ್ತಿ ಅವರ ಪ್ರಶ್ನೆಗೆ ಉತ್ತರ ಇದೆ. ಇಂಗ್ಲಿಷಿನ ಡಿಸ್ಟಾರ್ಟ್ ಯಂತ್ರಕ್ಕೂ ನಡೀತದೆ, ಮನುಷ್ಯನಿಗೂ ನಡೀತದೆ. ನಮ್ಮ ತಿರುಚು ಅಂದ ಕೂಡಲೇ ತಿರುಚೋ ಕೈ ಒಂದು ಬೇಕು. ಕನ್ನಡದಲ್ಲಿ ಕೈ ಇಲ್ಲದಾಗ ವಾಲಿದೆ, ಓರೆಯಾಗಿದೆ, ಸೊಟ್ಟಾಗಿದೆ, ಒಡೆದಿದೆ. ಕೈ ಇದ್ದಾಗ ವಾಲಿಸಿದ್ದಾರೆ, ಓರೆ ಮಾಡಿದ್ದಾರೆ, ತಿದ್ದಿದ್ದಾರೆ, ತಿರುಚಿದ್ದಾರೆ. ವ್ಯಾಕರಣವೇ ನಿಮ್ಮ ಅರ್ಧ ಕೆಲಸ ಮಾಡಿಕೊಡ್ತದೆ. ಮಕ್ಕಳು ಒಂದು ಸುದ್ದಿ ಓದಿ ‘ಆಗಿದೆಯಾ, ಮಾಡಿದ್ದಾರಾ’ ಅಂತ ಮೊದಲು ಕೇಳಲಿ. ಆಮೇಲೆ ಮುಟ್ಟಿದ್ದು ಯಾವುದನ್ನ ಅಂತ ನೋಡಲಿ: ಸಂಗತಿಯನ್ನೋ, ಆಯ್ಕೆಯನ್ನೋ, ಹೇಳೋ ಕ್ರಮವನ್ನೋ.

ಸ್ಪಿನ್ ಬಗ್ಗೆ ಒಂದೇ ಮಾತು. 1984ರ ಅಮೆರಿಕದ ಚುನಾವಣೆ ಹೊತ್ತಿಗೆ, ಚರ್ಚೆ ಮುಗಿದ ಕೂಡಲೇ ಪತ್ರಕರ್ತರ ನಡುವೆ ಹೊಕ್ಕು ‘ನಮ್ಮವರೇ ಗೆದ್ರು’ ಅಂತ ಕಿವಿಯೂದೋರಿಗೆ ಸ್ಪಿನ್ ಡಾಕ್ಟರ್ ಅಂತ ಹೆಸರು ಬಿತ್ತು. ಬಣ್ಣ ಕಟ್ಟಿ ಹೇಳೋದು ಅಂತ ಬರೀರಿ, ಸಾಕು.

ಬೇಡ್ತಿ ಬದಿ, ಶಿರಸಿ
ನಾನು ನೆನೆಸಿದ್ದಕ್ಕಿಂತ ಜಾಸ್ತಿ ಸಿಕ್ತು. ‘ಆಗಿದೆಯಾ, ಮಾಡಿದ್ದಾರಾ’ ಖಂಡಿತ ಹಾಕ್ತೇನೆ. ಒಂದು ಸಂಶಯ. ಇತಿಹಾಸದ ಪಾಠಕ್ಕೆ ಗೇರುಸೊಪ್ಪೆಯ ಚೆನ್ನಭೈರಾದೇವಿ ಬರ್ತಾಳೆ. ಎಲ್ಲರೂ ‘ಕಾಳುಮೆಣಸಿನ ರಾಣಿ’ ಅಂತಲೇ ಬರೀತಾರೆ, ನಾವೂ ಹೆಮ್ಮೆಯಿಂದ ಹೇಳ್ತೇವೆ. ಪೋರ್ಚುಗೀಸರು ‘ರೈನಾ ದ ಪಿಮೆಂಟಾ’ ಅಂದದ್ದು. ಇದು ಯಾವ ಜಾತಿಗೆ ಸೇರ್ತದೆ?

ಚಾಲಿ ರಾಶಿ, ಸಿದ್ದಾಪುರ
ಅದು ಕೊಳ್ಳೋನು ಇಟ್ಟ ಹೆಸರು ಅಕ್ಕ! ದಲಾಲಿ ಅಂಗಡಿಯವ ನನ್ನನ್ನ ‘ಚಾಲಿ ಭಟ್ರು’ ಅಂತ ಕರೀತಾನೆ, ಅವನಿಗೆ ನಾನು ಅಷ್ಟೇ. 16ನೇ ಶತಮಾನದ ಉತ್ತರಾರ್ಧದಲ್ಲಿ ಅಷ್ಟು ದೀರ್ಘ ಕಾಲ ಆಳಿದವಳು, ಪೋರ್ಚುಗೀಸರ ಜತೆ ವ್ಯಾಪಾರವನ್ನೂ ಮಾಡಿದವಳು, ಜಗಳವನ್ನೂ ಮಾಡಿದವಳು. ಅವಳ ಪ್ರಜೆಗಳು ಅವಳನ್ನ ಮೆಣಸಿನ ರಾಣಿ ಅಂತ ಕರೆದಿರ್ತಾರಾ? ನಾನಂತೂ ನಂಬೋದಿಲ್ಲ.

ಗಂಗಾವಳಿ, ಅಂಕೋಲಾ
ಹೆಸರಿನಲ್ಲಿ ಸುಳ್ಳಿಲ್ಲ, ತಿರುಚಿದ್ದೂ ಇಲ್ಲ. ಆದ್ರೆ ಸಮುದ್ರದ ಕಡೆಯಿಂದ, ಹಡಗಿನ ಮೇಲೆ ನಿಂತು ನೋಡಿದ ಹೆಸರು. ಗೇರುಸೊಪ್ಪೆಯ ಚತುರ್ಮುಖ ಬಸದಿ ಮುಂದೆ ನಿಂತು ನೋಡಿದ್ರೆ ಬೇರೆ ಹೆಸರು ಹೊಳೀತಿತ್ತು. ನಾನು ‘ನೋಟದ ಓರೆ’ ಅಂತ ಕರೀತೇನೆ.

ಕಪ್ಪು ಕೋಟು, ಕಾರವಾರ
ಹೆಸರು ಬಿಡಬೇಡಿ, ಪಕ್ಕದಲ್ಲಿ ಯಾರು ಇಟ್ಟದ್ದು ಅಂತ ಸೇರಿಸಿ ಹೇಳಿ. ಸಾಕ್ಷಿಯ ಹೇಳಿಕೆಯನ್ನೂ ನಾವು ಹಾಗೇ ಓದೋದು.

ಕಾಳಿ ಸಂಗಮ, ಕಾರವಾರ
ಬೇಡ್ತಿ ಅವರೇ, ಶಿಬಿರಕ್ಕೆ ಪೇಪರ್ ಕಟಿಂಗ್ ಎಲ್ಲಿಂದ ತರ್ತೀರಿ? ಶಾಲೆಗೆ ಬರೋದು ಒಂದೇ ಪೇಪರ್ ಆದ್ರೆ, ಮಕ್ಕಳು ಆ ಒಂದು ಪೇಪರಿನ ಓರೆಯನ್ನೇ ನೋಡಿ ಬರ್ತಾರೆ.

ಬೇಡ್ತಿ ಬದಿ, ಶಿರಸಿ
ಶಾಲೆಗೆ ಎರಡು ಬರ್ತದೆ. ಉಳಿದದ್ದು ಮಕ್ಕಳೇ ಮನೆಯಿಂದ ತರಲಿ ಅಂತಿದ್ದೇನೆ.

ಮೂರನೇ ಬೆಂಚು, ಹೊನ್ನಾವರ
ಪೇಪರ್ ತರಿಸೋ ಮನೆಯ ಮಕ್ಕಳು ಮಾತ್ರ ತರ್ತಾರೆ ಮೇಡಂ. 1936ರ ಟೆಲಿಫೋನ್ ಪುಸ್ತಕ ಆಯ್ತು ಅದು! ಒಳಗಿನ ಹಳ್ಳಿಯ ಮಕ್ಕಳ ಮನೆಗೆ ಸುದ್ದಿ ಬರೋದು ಅಪ್ಪನ ಮೊಬೈಲಿಗೆ.

ಬೇಡ್ತಿ ಬದಿ, ಶಿರಸಿ
ಅದೂ ಹೌದು. ಹಾಗಾದ್ರೆ ಹೀಗೆ ಮಾಡ್ತೇನೆ. ಪೇಪರ್ ಇದ್ದವರು ಪೇಪರ್, ಇಲ್ಲದವರು ಮನೆಯ ವಾಟ್ಸಾಪ್ ಗುಂಪಿಗೆ ಅದೇ ದಿನ ಬಂದ ಯಾವುದಾದ್ರೂ ಒಂದು ಸುದ್ದಿಯನ್ನ ನೋಟ್ ಪುಸ್ತಕದಲ್ಲಿ ಬರೆದುಕೊಂಡು ಬರಲಿ. ಅಡಿಕೆ ದರ ಆದ್ರೆ ಎಲ್ಲ ಕಡೆಯೂ ಸಿಕ್ತದೆ, ಅದನ್ನೇ ಮೊದಲನೇ ದಿನಕ್ಕೆ ಇಡಬಹುದು. ಚಾಲಿ ರಾಶಿ, ಆ ದಿನದ ಮಾರುಕಟ್ಟೆ ವರದಿಯ ಪೂರ್ತಿ ಹಾಳೆ ಒಂದು ಕಳಿಸ್ತೀರಾ, ಮೂರೂ ಅಂಕಿ ಇರೋದು?

ಚಾಲಿ ರಾಶಿ, ಸಿದ್ದಾಪುರ
ಕಳಿಸ್ತೇನೆ. ತಾರೀಕು ಹೇಳಿ. ಭಾನುವಾರ ಇಡಬೇಡಿ, ವ್ಯಾಪಾರ ಇರೋದಿಲ್ಲ.